ಹಳೆ ಬಡಾವಣೆ, ಹೊಸ ವಾರಸುದಾರರು

ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ ತಲೆಯೆತ್ತಿದ್ದು 1890ರ ದಶಕದಲ್ಲಿ. 1898ರ ಪ್ಲೇಗಿಗೆ ಹೆದರಿ ಪೇಟೆಯ ಇಕ್ಕಟ್ಟು ಬಿಟ್ಟುಬಂದವರೂ ಇಲ್ಲಿ ಮನೆ ಕಟ್ಟಿಕೊಂಡರು. ಮುಂದೆ ಜಗುಲಿ, ಹಿಂದೆ ಹಿತ್ತಲು, ನಡುವೆ ಕೂಡುಕುಟುಂಬ. ಮನೆ ಮುಂದೆ ಯಾರಿಗೆ ಎಂದು ಬರೆದಿಡಲು ಯಜಮಾನನಿಗೆ ಅವಕಾಶವೂ ಕಡಿಮೆಯಿತ್ತು. ಮಿತಾಕ್ಷರ ಪದ್ಧತಿಯಲ್ಲಿ ಪಿತ್ರಾರ್ಜಿತದ ಹಕ್ಕು ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಬರುತ್ತಿತ್ತು. ಅವಿಭಕ್ತ ಆಸ್ತಿಯಲ್ಲಿನ ತನ್ನ ಪಾಲನ್ನು ಅಪ್ಪ ಉಯಿಲು ಬರೆದು ಕೊಡುವಂತಿರಲಿಲ್ಲ.

ಈ ಕಟ್ಟು ಮೈಸೂರು ಸಂಸ್ಥಾನದಲ್ಲಿ ಬೇಗನೆ ಸಡಿಲಗೊಂಡಿತು. ಬ್ರಿಟಿಷ್ ಭಾರತ 1937ರಲ್ಲಿ ವಿಧವೆಯರಿಗೆ ಆಸ್ತಿಹಕ್ಕು ಕೊಡುವ ಮೊದಲೇ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ಇಲ್ಲಿ ಬಂತು. ಮನೆ ಭಾಗವಾಗುವಾಗ ತಾಯಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲು ಸಿಕ್ಕಿತು. ಮಗಳಿಗೆ ಅಣ್ಣತಮ್ಮಂದಿರ ಪಾಲಿನ ಕಾಲುಭಾಗ ಮಾತ್ರ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅಪ್ಪನ ಸ್ವಯಾರ್ಜಿತದಲ್ಲಿ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು ಕೊಟ್ಟಿತು. ಅವಿಭಕ್ತ ಆಸ್ತಿಯ ತನ್ನ ಪಾಲಿಗೂ ಉಯಿಲು ಬರೆಯಬಹುದೆಂದಿತು. ಆದರೆ 23ನೇ ಕಲಮು ಅಡ್ಡ ನಿಂತಿತು: ಮನೆಯವರೇ ವಾಸವಿದ್ದ ಮನೆಯನ್ನು ಗಂಡುಮಕ್ಕಳು ಭಾಗ ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ಪಾಲು ಕೇಳುವಂತಿರಲಿಲ್ಲ.

1994ರಲ್ಲಿ ಕರ್ನಾಟಕ ಪಿತ್ರಾರ್ಜಿತದಲ್ಲೂ ಮಗಳಿಗೆ ಜನ್ಮಸಿದ್ಧ ಹಕ್ಕು ಕೊಟ್ಟಿತು. ಅಷ್ಟರಲ್ಲಿ ಮದುವೆಯಾಗಿದ್ದವರು ಹೊರಗುಳಿದರು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ 23ನೇ ಕಲಮನ್ನೂ ತೆಗೆದುಹಾಕಿತು. ಮಗಳಿಗೆ ಈ ಹಕ್ಕು ಸಿಗಲು ಆ ವರ್ಷ ಅಪ್ಪ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ವಿನೀತಾ ಶರ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಹೀಗೆ ವಾರಸುದಾರರು ಹೆಚ್ಚಿದರು, ನ್ಯಾಯವೂ ಹೆಚ್ಚಿತು. ಜತೆಗೆ ಹಳೆ ಮನೆ ಮಾರಲು, ಬಿಲ್ಡರಿಗೆ ಕೊಡಲು ಜಯನಗರದ ಅಕ್ಕ, ಅಮೆರಿಕದ ತಮ್ಮ ಎಲ್ಲರ ರುಜುವೂ ಬೇಕಾಯಿತು. ಅಮ್ಮ ಕಡೆತನಕ ಇದೇ ಮನೆಯಲ್ಲಿರಬೇಕು, ಆರೈಕೆ ಬೇಕಾದ ಮಗನಿಗೆ ಬಾಡಿಗೆ ಸೇರಬೇಕು ಎಂಬುದನ್ನು ಸಮಪಾಲಿನ ಲೆಕ್ಕ ಹೇಳುವುದಿಲ್ಲ. ಅದಕ್ಕೇ ಉಯಿಲು. ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದರೆ ಕಳೆಯುವ, ತಿದ್ದುವ ಭಯ ಕಡಿಮೆ. ಎಲ್‌ಐಸಿ ಪಾಲಿಸಿಯ ನಾಮಿನಿ ಯಾವಾಗಲೂ ಮಾಲೀಕನೇ ಎಂದು ನಂಬಿ ಕೂರಬಾರದು. ನಾಮಿನಿ ಹಣ ಪಡೆಯುವವನಷ್ಟೇ ಎಂದು ಸುಪ್ರೀಂ ಕೋರ್ಟ್ 1983ರಲ್ಲಿ ತೀರ್ಪಿತ್ತಿತ್ತು; ನಾಮಿನಿ ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆತಾಯಿ ಆಗಿದ್ದರೆ ಹಣದ ಹಕ್ಕೂ ಅವರದೇ ಎಂದು ವಿಮಾ ಕಾಯ್ದೆಯ 2015ರ ತಿದ್ದುಪಡಿ ಹೇಳಿತು.

ಬರೆಯುವ ಮುನ್ನ ಒಂದು ವಿಂಗಡಣೆ ಅಗತ್ಯ: ಯಾವುದು ಸ್ವಯಾರ್ಜಿತ, ಯಾವುದು ಪಿತ್ರಾರ್ಜಿತ? ಎರಡನೆಯದರಲ್ಲಿ ಮಗಳ ಪಾಲು ಮಗಳದೇ; ಅಪ್ಪ ಬರೆದಿಡಬಹುದಾದದ್ದು ತನ್ನ ಪಾಲನ್ನು ಮಾತ್ರ.