ಇರುಳ ಪಯಣದಲ್ಲಿ ಕಾರಿನ ದೀಪವೂ ಕಣ್ಣೂ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ಸ್ವಂತ ಕಾರಿನಲ್ಲಿಯೇ ಊರಿಗೆ ಹೋಗಿಬರುವವರು ಈಗ ಕಡಮೆಯೇನಲ್ಲ. ಬೇಸಗೆಯ ರಜೆ ಬಂದಿತೆಂದರೆ ಮಕ್ಕಳುಮರಿ, ಪೆಟ್ಟಿಗೆ, ಚೀಲಗಳೊಡನೆ ಸಂಜೆ ಹೊರಟು, ಶಿಳ್‌ಫಾಟಾ, ಪನವೇಲ್‌ಗಳನ್ನು ದಾಟಿ, ಬಿಸಿಲನ್ನು ತಪ್ಪಿಸಿಕೊಳ್ಳಲೆಂದು ರಾತ್ರಿಯೆಲ್ಲ ಪಯಣಿಸುವುದು ಹಲವರ ವಾಡಿಕೆ. ಕೆಲವು ವರ್ಷಗಳ ಹಿಂದೆ ನಾನೂ ಹಾಗೆಯೇ ಉಡುಪಿಯ ಕಡೆಗೆ ಹೊರಟಿದ್ದೆ. ಮಾಣಗಾಂವ್ ದಾಟಿದ ಮೇಲೆ ಎದುರಿನಿಂದ ಬಂದ ಕಾರೊಂದರ ಬೆಳಕು ಕಣ್ಣಿಗೆ ರಾಚಿತು. ಅದು ಹಾದುಹೋದ ಮೇಲೂ ಕೆಲವು ಕ್ಷಣ ನನಗೆ ರಸ್ತೆಯೇ ಕಾಣಲಿಲ್ಲ. ಕಂಡಾಗ, ಸೈಕಲನ್ನು ತಳ್ಳಿಕೊಂಡು ನಡೆಯುತ್ತಿದ್ದ ಮುದುಕರೊಬ್ಬರು ಕಾರಿನ ಎಡಮೂಲೆಯಿಂದ ಎರಡು ಮೊಳ ದೂರದಲ್ಲಿದ್ದರು. ಅವರು ಬದುಕಿದ್ದು ನನ್ನ ಜಾಣ್ಮೆಯಿಂದಲ್ಲ.

ಆಗ ಕಣ್ಣಿನಲ್ಲಿ ನಡೆಯುವುದೇನು? ಅಕ್ಷಿಪಟಲದಲ್ಲಿ ಎರಡು ಬಗೆಯ ಕೋಶಗಳಿವೆ. ಹಗಲಿನ ನೋಟಕ್ಕೂ ಬಣ್ಣಗಳಿಗೂ ಶಂಕುಕೋಶಗಳು. ಮಬ್ಬು ಬೆಳಕಿಗೆ ದಂಡಕೋಶಗಳು. ಕತ್ತಲೆಗೆ ಪೂರ್ಣವಾಗಿ ಒಗ್ಗಿಕೊಳ್ಳಲು ಕಣ್ಣಿಗೆ ಅರ್ಧ ತಾಸಿನಷ್ಟು ಕಾಲ ಬೇಕು. ಹಾಗೆ ಒಗ್ಗಿದ ನೋಟವನ್ನು ಕೆಡಿಸಲು ಒಂದು ಪ್ರಖರ ದೀಪಕ್ಕೆ ಕ್ಷಣಮಾತ್ರ ಸಾಕು. ವಯಸ್ಸಾದಂತೆ ಪಾಪೆ ಮೊದಲಿನಂತೆ ಅರಳುವುದಿಲ್ಲ, ಮಸೂರವೂ ಹಳದಿಗಟ್ಟುತ್ತದೆ. ತತ್ಫಲವಾಗಿ ಇಪ್ಪತ್ತರ ಹರೆಯದಲ್ಲಿ ಅಕ್ಷಿಪಟಲವನ್ನು ಮುಟ್ಟುತ್ತಿದ್ದ ಬೆಳಕಿನ ಸುಮಾರು ಮೂರನೆಯ ಒಂದು ಪಾಲು ಮಾತ್ರ ಅರವತ್ತರಲ್ಲಿ ಮುಟ್ಟುತ್ತದೆ. ಕಣ್ಣು ಕೋರೈಸಿದ ಮೇಲೆ ಚೇತರಿಸಿಕೊಳ್ಳಲು ಹೆಚ್ಚು ಹೊತ್ತೂ ಹಿಡಿಯುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಐದು ಸೆಕೆಂಡು ಕಣ್ಣು ಕಾಣದಿದ್ದರೆ, ಕಾರು 83 ಮೀಟರು ಕುರುಡಾಗಿ ಓಡಿರುತ್ತದೆ.

ಆ ಎದುರಿನವನನ್ನು ಶಪಿಸುತ್ತಲೇ ಮಹಾಡ್‌ನ ಸಮೀಪ ಚಹಾದಂಗಡಿಯೊಂದರ ಮುಂದೆ ನಿಲ್ಲಿಸಿದೆ. ಬೆಂಚಿನ ಮೇಲಿದ್ದ ಲಾರಿ ಚಾಲಕರೊಬ್ಬರು ಕೈಯಿಂದ ಕಣ್ಣು ಮರೆಮಾಡಿಕೊಂಡು ಎದ್ದು ಬಂದರು. ನಮ್ಮ ಮಾತು ಕೇಳಿ ಕನ್ನಡದಲ್ಲಿಯೇ, "ಮಾರಾಯ್ರೆ, ನಿಮ್ಮ ಲೈಟು ರಸ್ತೆಗಲ್ಲ, ನಮ್ಮ ಮುಖಕ್ಕೇ ಬೀಳ್ತದೆ. ಡಿಪ್ ಮಾಡಿ" ಎಂದರು. "ಡಿಪ್‌ನಲ್ಲಿಯೇ ಇದೆಯಲ್ಲ!" ಎಂದೆ. ಅವರು ಡಿಕ್ಕಿಯ ಕಡೆ ನೋಡಿ ನಕ್ಕರು. ದಾರಿಯುದ್ದಕ್ಕೂ ಎದುರಿನ ಲಾರಿಗಳು ನನ್ನತ್ತ ದೀಪ ಮಿನುಗಿಸಿದ್ದೇಕೆಂಬುದು ಆಗ ತಿಳಿಯಿತು.

ಲೆಕ್ಕ ಸರಳವಾದುದು. ಡಿಪ್ ಬೆಳಕಿನ ಮೇಲಂಚು ಸಾಮಾನ್ಯವಾಗಿ ನೂರಕ್ಕೆ ಒಂದರಷ್ಟು, ಅಂದರೆ ಪ್ರತಿ ಮೀಟರಿಗೆ ಒಂದು ಸೆಂಟಿಮೀಟರಿನಂತೆ, ಕೆಳಕ್ಕೆ ಇಳಿಯಬೇಕು. ದೀಪ ನೆಲದಿಂದ 70 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಆ ಅಂಚು 70 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಮುಂದಿನ ಹಿಂದಿನ ಗಾಲಿಗಳ ನಡುವೆ ಎರಡೂವರೆ ಮೀಟರ್ ಅಂತರವೆಂದುಕೊಳ್ಳೋಣ. ಭಾರದಿಂದ ಕಾರಿನ ಹಿಂಭಾಗ ಎರಡೂವರೆ ಸೆಂಟಿಮೀಟರ್ ಕುಸಿದರೂ ಆ ಇಳಿಜಾರು ಇಲ್ಲವಾಯಿತು. ಐದು ಸೆಂಟಿಮೀಟರ್ ಕುಸಿದರೆ, 50 ಮೀಟರ್ ದೂರದಲ್ಲಿ ಬೆಳಕು 120 ಸೆಂಟಿಮೀಟರ್ ಎತ್ತರಕ್ಕೇರಿ ಎದುರಿನ ಕಾರಿನವರ ಕಣ್ಣಿಗೇ ಗುರಿಯಿಡುತ್ತದೆ. ಐವರು ಮಂದಿ, ಅವರ ಪೆಟ್ಟಿಗೆಗಳು, ಮರಳುವಾಗ ಅಕ್ಕಿ, ತೆಂಗಿನಕಾಯಿ, ಹಲಸು: ಇನ್ನೇನು ಬೇಕು?

ಇದಕ್ಕೆಂದೇ ಬಹುಪಾಲು ಕಾರುಗಳಲ್ಲಿ ಸ್ಟಿಯರಿಂಗ್‌ನ ಬಳಿ 0 ಯಿಂದ 3 ರವರೆಗೆ ಅಂಕಿಗಳಿರುವ ಪುಟ್ಟ ಚಕ್ರವೊಂದಿರುತ್ತದೆ. ಅಂಕಿ ಏರಿದಂತೆ ಬೆಳಕು ಏರುತ್ತದೆಂದು ನಾನು ವರ್ಷಗಟ್ಟಲೆ ನಂಬಿದ್ದೆ. ವಾಸ್ತವವಾಗಿ ಅದು ಇಳಿಯುತ್ತದೆ. ಮುಂದೆ ಒಬ್ಬರೋ ಇಬ್ಬರೋ ಕುಳಿತಿದ್ದರೆ 0. ಎಲ್ಲ ಆಸನಗಳೂ ತುಂಬಿದ್ದರೆ ಸಾಮಾನ್ಯವಾಗಿ 1. ಅದರ ಮೇಲೆ ಡಿಕ್ಕಿಯೂ ತುಂಬಿದ್ದರೆ 2. ಚಾಲಕನೊಬ್ಬನೇ ಇದ್ದು ಡಿಕ್ಕಿ ಮಾತ್ರ ಭಾರವಾಗಿದ್ದರೆ 3. ತಮ್ಮ ಕಾರಿನ ಕೈಪಿಡಿಯನ್ನು ನೋಡಿ ಖಚಿತಪಡಿಸಿಕೊಳ್ಳುವುದು ಒಳಿತು.

ಚಕ್ರವು 0 ಯಲ್ಲಿರುವಾಗಲೇ ದೀಪ ತಪ್ಪಾಗಿದ್ದರೆ ಅದು ಬೇರೆ ಮಾತು. ನಮ್ಮ ಸೊಸೈಟಿಗಳ ಇಕ್ಕಟ್ಟಿನ ಅಂಗಳದಲ್ಲಿಯೂ ಪರೀಕ್ಷೆ ಸಾಧ್ಯ. ಟೈರುಗಳ ಗಾಳಿ ಸರಿಮಾಡಿಸಿ, ಚಾಲಕನ ಸ್ಥಾನದಲ್ಲಿ ಒಬ್ಬರನ್ನು ಕೂರಿಸಿ, ಸಮತಟ್ಟಾದ ನೆಲದಲ್ಲಿ ಕಾರನ್ನು ಗೋಡೆಗೆ ಎದುರಾಗಿ, ದೀಪಕ್ಕೂ ಗೋಡೆಗೂ ಐದು ಮೀಟರ್ ಅಂತರವಿರುವಂತೆ ನಿಲ್ಲಿಸಬೇಕು. ದೀಪದ ನಡುವಿನ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತಿಸಿದರೆ, ಡಿಪ್ ಬೆಳಕಿನ ಮೇಲಂಚು ಅದಕ್ಕಿಂತ ಐದು ಸೆಂಟಿಮೀಟರ್ ಕೆಳಗೆ ಬೀಳಬೇಕು. ಎಡಭಾಗದಲ್ಲಿ ಅಂಚು ತುಸು ಮೇಲಕ್ಕೆ ಓರೆಯಾಗಿದ್ದರೆ ದೋಷವೆಂದು ಭಾವಿಸಬಾರದು. ಎಡಬದಿಯ ಪಾದಚಾರಿಗಳು ಕಾಣಲೆಂದೇ ಹಾಗೆ ರಚಿಸಿರುತ್ತಾರೆ. ವ್ಯತ್ಯಾಸವಿದ್ದರೆ ಬಾನೆಟ್ ತೆರೆದು ದೀಪದ ಹಿಂದಿರುವ ಸ್ಕ್ರೂವನ್ನು ತಿರುಗಿಸಬೇಕು. ಕೈಗೂಡದಿದ್ದವರು ಗ್ಯಾರೇಜಿಗೆ ಹೋಗಲಿ. 1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 106ನೆಯ ನಿಯಮವೂ, ಎಂಟು ಮೀಟರ್ ದೂರದಲ್ಲಿ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಕೋರೈಸದಂತೆ ಬೆಳಕನ್ನು ತಗ್ಗಿಸಬೇಕೆಂದು ವಿಧಿಸಿದೆ. ಹ್ಯಾಲೊಜೆನ್ ಬಲ್ಬಿಗೆಂದು ಮಾಡಿದ ದೀಪದೊಳಗೆ ಅಂಗಡಿಯ ಎಲ್‌ಇಡಿಯನ್ನು ತುರುಕಿದವರಿಗೆ ಈ ಸ್ಕ್ರೂ ಬಹುಮಟ್ಟಿಗೆ ಪ್ರಯೋಜನಕ್ಕೆ ಬಾರದು. ಬೆಳಕು ಹಂಚಿಹೋಗುವ ರೀತಿಯೇ ಅಲ್ಲಿ ಕೆಟ್ಟಿರುತ್ತದೆ.

ದೀಪ ಸರಿಯಿದ್ದೂ ಎದುರಿನ ಬೆಳಕುಗಳ ಸುತ್ತ ಪ್ರಭಾವಲಯ ಕಾಣುತ್ತಿದ್ದರೆ, ಐವತ್ತು ದಾಟಿದವರು ಕಣ್ಣಿನ ವೈದ್ಯರನ್ನು ಕಾಣುವುದು ಲೇಸು. ಪೊರೆಯ ಮೊದಲ ಸುಳಿವು ಹಲವೊಮ್ಮೆ ಅದೇ. ನನಗೂ ಹಾಗೆಯೇ ಆಯಿತು. ಶಸ್ತ್ರಚಿಕಿತ್ಸೆಯಾಗುವ ತನಕ ರಾತ್ರಿ ಮಗನೇ ಕಾರು ಓಡಿಸಿದ.

ಇನ್ನೊಂದು ಮಾತು. ಊರು ತಲುಪಿ ಸಾಮಾನು ಇಳಿಸಿದ ಮೇಲೆ ಚಕ್ರವನ್ನು ಮತ್ತೆ 0 ಗೆ ತಿರುಗಿಸಲು ಮರೆಯಬಾರದು. ಇಲ್ಲವಾದರೆ ಬೆಳಕು ಕಾರಿನ ಮುಂದೆಯೇ ಬಿದ್ದು, ದೂರದ ತಿರುವು ಕಾಣಿಸದು.