ನಿಮಗಿದು ಗೊತ್ತೆ? ರೇಡಿಯೋ ಕೇಂದ್ರ ನಡೆಸುವ ಮುಕ್ತ ತಂತ್ರಾಂಶ

ನಡುರಾತ್ರಿ ರೇಡಿಯೋದಲ್ಲಿ ಹಾಡು, ಪ್ರಕಟಣೆ, ಜಾಹೀರಾತುಗಳು ಒಂದರ ಹಿಂದೊಂದು ತಪ್ಪದೆ ಬರುವಾಗ ಸ್ಟುಡಿಯೋದಲ್ಲಿ ಯಾರೂ ಇಲ್ಲದಿರಬಹುದು. ಯಾವ ಹೊತ್ತಿಗೆ ಏನು ಪ್ರಸಾರವಾಗಬೇಕೆಂಬ ಪಟ್ಟಿಯನ್ನು ಮೊದಲೇ ಸಿದ್ಧಪಡಿಸಿಟ್ಟರೆ ಉಳಿದದ್ದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಈ ಕೆಲಸಕ್ಕೆ ದುಬಾರಿ ತಂತ್ರಾಂಶವೇ ಬೇಕೆಂದಿಲ್ಲ; ಮೂಲ ಸಂಕೇತ ಎಲ್ಲರಿಗೂ ತೆರೆದಿರುವ ಮುಕ್ತ ತಂತ್ರಾಂಶಗಳೂ ಇವೆ.

* ಅಮೆರಿಕದಲ್ಲಿ ರೂಪುಗೊಂಡ ‘ರಿವೆಂಡೆಲ್’ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಮೇಲೆ ಓಡುವ ಮುಕ್ತ ತಂತ್ರಾಂಶ. ಧ್ವನಿಮುದ್ರಣ, ಹಾಡುಗಳ ಸಂಗ್ರಹ, ವೇಳಾಪಟ್ಟಿ, ನೇರ ಪ್ರಸಾರ ಎಲ್ಲಕ್ಕೂ ಇದರಲ್ಲಿ ಪ್ರತ್ಯೇಕ ವಿಭಾಗಗಳಿವೆ.

* ಸೋರ್ಸ್‌ಫ್ಯಾಬ್ರಿಕ್ ಸಂಸ್ಥೆಯ ‘ಏರ್‌ಟೈಮ್’ 2011ರಲ್ಲಿ ಬಂತು. ಅದರ ಮುಕ್ತ ಆವೃತ್ತಿಯ ಬೆಳವಣಿಗೆ ಕುಂಠಿತಗೊಂಡಾಗ, ಬಳಕೆದಾರರೇ ಮೂಲ ಸಂಕೇತವನ್ನು ಎತ್ತಿಕೊಂಡು 2017ರಲ್ಲಿ ‘ಲಿಬ್ರೆಟೈಮ್’ ಆರಂಭಿಸಿದರು. ಕಾರ್ಯಕ್ರಮಗಳ ವೇಳಾಪಟ್ಟಿಯನ್ನು ಇದರಲ್ಲಿ ಬ್ರೌಸರ್ ಮೂಲಕವೇ ಹೊಂದಿಸಬಹುದು.

* ಲಿಬ್ರೆಟೈಮ್ ಒಳಗೆ ಧ್ವನಿಯನ್ನು ನಿಭಾಯಿಸುವುದು ‘ಲಿಕ್ವಿಡ್‌ಸೋಪ್’. ಫ್ರಾನ್ಸ್‌ನ ಲಿಯಾನ್ ನಗರದ ವಿದ್ಯಾರ್ಥಿಗಳು ಹುಟ್ಟುಹಾಕಿದ ತಂತ್ರಾಂಶವಿದು. ಒಂದು ಹಾಡನ್ನು ಮತ್ತೊಂದರೊಳಗೆ ಮೆಲ್ಲಗೆ ಬೆರೆಸುವುದು, ಪ್ರಸಾರ ಮೌನವಾದರೆ ಬದಲಿ ಧ್ವನಿ ಹಾಕುವುದು ಇದಕ್ಕೆ ಸಾಧ್ಯ.

* ಭಾರತದ ‘ಗ್ರಾಮ ವಾಣಿ’ ಸಂಸ್ಥೆ ಸಮುದಾಯ ಬಾನುಲಿ ಕೇಂದ್ರಗಳಿಗೆಂದೇ ‘ಗ್ರಿನ್ಸ್’ ಎಂಬ ತಂತ್ರಾಂಶವನ್ನು ರೂಪಿಸಿತು. ಕೇಳುಗರ ದೂರವಾಣಿ ಕರೆಗಳನ್ನು ನಿಭಾಯಿಸುವ ಸೌಲಭ್ಯವೂ ಅದರಲ್ಲಿತ್ತು.

ನಮ್ಮ ದೇಶದಲ್ಲಿ 2006ರಿಂದ ಸ್ವಯಂಸೇವಾ ಸಂಸ್ಥೆಗಳೂ ಅನುಮತಿ ಪಡೆದು ಸಮುದಾಯ ಬಾನುಲಿ ನಡೆಸಬಹುದು. ಅಂಥ ಕನಸಿರುವವರು ತಂತ್ರಾಂಶಕ್ಕೆ ಹಣ ಸುರಿಯುವ ಮುನ್ನ ಇಂಥ ಮುಕ್ತ ತಂತ್ರಾಂಶಗಳನ್ನು ಒಮ್ಮೆ ಪರೀಕ್ಷಿಸಿ ನೋಡಲಿ.