ನಾಲ್ಕರಲ್ಲಿ ಒಂದು ಅಂದ್ರೆ ಒಂದೇ ಮಗುವಿಗಾ?

"ಮೊದಲನೇ ಮಗೂಗೆ ಥಲಸ್ಸೇಮಿಯಾ ಬಂತು. ನಾಲ್ಕರಲ್ಲಿ ಒಂದಕ್ಕೆ ಅಂತ ಡಾಕ್ಟ್ರು ಹೇಳಿದ್ರು. ಹಾಗಾದ್ರೆ ಮುಂದಿನ ಮೂರಕ್ಕೆ ಬರಲ್ಲ ಅಲ್ವಾ?"

ಕೇಳೋಕೆ ಲೆಕ್ಕ ಸರಿಯಾಗೇ ಇದೆ ಅನ್ಸುತ್ತೆ. ಆದರೆ ಪೂರ್ತಿ ತಪ್ಪು. ಈ ತಪ್ಪಿನ ಬೆಲೆಯೂ ದೊಡ್ಡದು. ಥಲಸ್ಸೇಮಿಯಾ ಮೇಜರ್ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು. ಹಾಗೆ ಕೊಟ್ಟ ರಕ್ತದಿಂದ ಮೈಯಲ್ಲಿ ಸೇರಿಕೊಳ್ಳುವ ಕಬ್ಬಿಣದ ಅಂಶ ಹೊರಹಾಕೋಕೆ ಮತ್ತೆ ಬೇರೆ ಔಷಧಿ.

ಎಂಜಿನಿಯರಿಂಗ್ ಕಡೆ ಹೋದ ನಮ್ಮಂಥವರು ಪಿಯುಸಿ ಮುಗಿದ ಮೇಲೆ ಬಟಾಣಿಯನ್ನು ಪಲಾವ್‌ನಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲ್ಲ. ಆದರೆ ಈ ಲೆಕ್ಕ ಶುರುವಾಗಿದ್ದೇ ಬಟಾಣಿಯಿಂದ. ಈಗಿನ ಚೆಕ್ ದೇಶದ ಬ್ರನೋ ಊರಿನ ಮಠದಲ್ಲಿ ಗ್ರೆಗರ್ ಮೆಂಡೆಲ್ ಗುಂಡು ಬೀಜದ ಗಿಡವನ್ನೂ ಸುಕ್ಕು ಬೀಜದ ಗಿಡವನ್ನೂ ಕೂಡಿಸಿದ. ಮೊದಲ ಪೀಳಿಗೆಯಲ್ಲಿ ಎಲ್ಲವೂ ಗುಂಡು. ಸುಕ್ಕು ಮಾಯ! ಮುಂದಿನ ಪೀಳಿಗೆಯಲ್ಲಿ 7,324 ಬೀಜ ಎಣಿಸಿದಾಗ 5,474 ಗುಂಡು, 1,850 ಸುಕ್ಕು. ಹತ್ತಿರ ಹತ್ತಿರ ಮೂರಕ್ಕೆ ಒಂದು. ಅಂದರೆ ಸುಕ್ಕು ಎಲ್ಲೂ ಹೋಗಿರಲಿಲ್ಲ, ಒಂದು ಪೀಳಿಗೆ ಅಡಗಿ ಕೂತಿತ್ತು ಅಷ್ಟೆ. 1866ರಲ್ಲಿ ಪ್ರಬಂಧ ಅಚ್ಚಾಯ್ತು. ಜಗತ್ತು ಅದನ್ನ ಗಂಭೀರವಾಗಿ ಓದಿದ್ದು 1900ರಲ್ಲಿ, ಅವನು ತೀರಿಕೊಂಡು 16 ವರ್ಷ ಆದಮೇಲೆ.

ಥಲಸ್ಸೇಮಿಯಾ ಕೂಡ ಹೀಗೇ ಅಡಗಿ ಕೂರುತ್ತೆ. ಪ್ರತಿ ಜೀನ್‌ಗೂ ನಮ್ಮಲ್ಲಿ ಎರಡು ಕಾಪಿ, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಒಂದು ಕಾಪಿ ಮಾತ್ರ ಕೆಟ್ಟಿದ್ದರೆ ನೀವು ವಾಹಕರು. ಆರಾಮಾಗೇ ಇರ್ತೀರಿ. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಎರಡು ನಾಣ್ಯ ಚಿಮ್ಮಿದ ಹಾಗೆ. ಎರಡೂ ಕಡೆಯಿಂದ ಕೆಟ್ಟ ಕಾಪಿಯೇ ಬರುವ ಸಾಧ್ಯತೆ 1/2 × 1/2, ಅಂದರೆ 25%.

ಹಿಂದಿನ ಸಲ ಏನು ಬಿತ್ತು ಅಂತ ನಾಣ್ಯಕ್ಕೆ ನೆನಪಿರಲ್ಲ. ಎರಡನೇ ಮಗುವಿಗೂ 25%, ಮೂರನೇದಕ್ಕೂ 25%. ಎರಡು ಮಕ್ಕಳೂ ಕಾಯಿಲೆಯಿಂದ ಪಾರಾಗುವ ಸಾಧ್ಯತೆ 3/4 × 3/4, ಸುಮಾರು 56%. ಉಳಿದ 44%ನಲ್ಲಿ ಒಂದಕ್ಕಾದರೂ ಬರುತ್ತೆ. ನಾಣ್ಯ ಎಸೆದು ನಿರ್ಧರಿಸೋ ವಿಷಯವಾ ಇದು?

ನಮ್ಮ ಕಡೆ ಇದಕ್ಕೆ ಇನ್ನೊಂದು ಮುಖ ಇದೆ: ಸಂಬಂಧದಲ್ಲೇ ಮದುವೆ. ಹುಡುಗ ವಾಹಕ ಅಂದುಕೊಳ್ಳಿ. ಅವನ ಅಕ್ಕನಿಗೂ ಅದೇ ಜೀನ್ ಬಂದಿರುವ ಸಾಧ್ಯತೆ 1/2, ಅಕ್ಕನ ಮಗಳಿಗೆ 1/4. ಅವಳನ್ನೇ ಮದುವೆಯಾದರೆ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ 1/4 × 1/4, ಅಂದರೆ 16ರಲ್ಲಿ ಒಂದು. ಅತ್ತೆ ಮಗಳಾದರೆ 32ರಲ್ಲಿ ಒಂದು. ದೇಶದಲ್ಲಿ ನೂರಕ್ಕೆ ಮೂರು ನಾಲ್ಕು ಜನ ವಾಹಕರು ಅನ್ನೋ ಲೆಕ್ಕದಲ್ಲಿ, ಹೊರಗಿನ ಹುಡುಗಿಯಾದರೆ ಸುಮಾರು 100ರಲ್ಲಿ ಒಂದು. "ನಮ್ಮನೇಲಿ ತಲೆತಲಾಂತರದಿಂದ ಹೀಗೇ ಆಗಿದ್ದಾರೆ, ಯಾರಿಗೂ ಏನೂ ಆಗಿಲ್ಲ" ಅನ್ನುವ ಅಜ್ಜಿ ಸುಳ್ಳು ಹೇಳ್ತಿಲ್ಲ. ಆ ಮನೆಯಲ್ಲಿ ಆ ಜೀನ್ ಇಲ್ಲದೇ ಇರಬಹುದು, ಇದ್ದೂ ಅಡಗಿರಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತೆ.

ಗೊತ್ತು ಮಾಡಿಕೊಳ್ಳೋಕೆ ಒಂದು ರಕ್ತಪರೀಕ್ಷೆ ಸಾಕು. ಲ್ಯಾಬ್‌ನಲ್ಲಿ ಎಚ್‌ಪಿಎಲ್‌ಸಿ ಅಂತ ಕೇಳಿ. ರಿಪೋರ್ಟ್‌ನಲ್ಲಿ ಎಚ್‌ಬಿಎ2 ಅನ್ನೋ ಸಾಲು 3.5%ಗಿಂತ ಜಾಸ್ತಿ ಇದ್ದರೆ ಡಾಕ್ಟರ್‌ಗೆ ತೋರಿಸಿ. ಇಬ್ಬರೂ ವಾಹಕರು ಅಂತ ಗೊತ್ತಾದರೂ ಮದುವೆ ಮುರಿಯಬೇಕಿಲ್ಲ. ಬಸಿರಿನ ಮೂರನೇ ತಿಂಗಳ ಹೊತ್ತಿಗೇ ಮಗುವಿನ ಜೀನ್ ಪರೀಕ್ಷೆ ಮಾಡಿಸಬಹುದು, ಅದಕ್ಕೆ ಮುಂಚೆ ಜೆನೆಟಿಕ್ ಕೌನ್ಸೆಲರ್ ಹತ್ತಿರ ಇಬ್ಬರೂ ಕೂತು ಮಾತಾಡಬಹುದು. ಜಾತಕ ಜೊತೆಗಿರಲಿ, ತಕರಾರಿಲ್ಲ. ಆದರೆ ಈ ರಿಪೋರ್ಟು ಛತ್ರ ಬುಕ್ ಮಾಡೋಕೆ ಮುಂಚೆಯೇ ಕೈಯಲ್ಲಿದ್ದರೆ, ಮಾತಾಡೋಕೆ ಸಮಯ ಸಿಗುತ್ತೆ.